ಬುಗ್ಗೆಯ ಈಚೆ ನಿಂತ ಕುದುರೆ

ನಡುರಾತ್ರಿ ಲಾಯದಲ್ಲಿ ಟಕ್ ಎಂದು ಸಣ್ಣ ಸದ್ದಾಯಿತು. ಕುದುರೆ ಕಾಲು ಬದಲಿಸಿತೇನೋ ಎಂದುಕೊಂಡು ಬಾರೆಂಡ್ ಲಾಟೆಗನ್ ಮಗ್ಗುಲು ಹೊರಳಿದ. ಮರುದಿನ, 1798ರ ಏಪ್ರಿಲ್ 9ರ ಮಧ್ಯಾಹ್ನ, ಅದೇ ಸದ್ದು ಒಂದು ದೂರಿನ ರೂಪದಲ್ಲಿ ಅವನ ತಂಗಿಯ ಗಂಡ ಯಾಕೋಬ್ ಮೂಲ್ಮನ್ನನ ಮುಂದೆ ಬಂತು.

ಆಫ್ರಿಕಾದ ದಕ್ಷಿಣ ತುದಿಯ ಕೇಪ್ ವಸಾಹತಿನ ಆ ಗಡಿಸೀಮೆಗೆ ಮೂಲ್ಮನ್ನನೇ ಪೊಲೀಸ್ ಅಧಿಕಾರಿ. ವಲಸೆ ಬಂದ ಡಚ್ಚರಿಗೆ ಜಮೀನು ಅಳೆದುಕೊಡುವುದೂ ಅವನ ಕೆಲಸವೇ. ಮನೆಯ ಗೂಟದಿಂದ ಒಂದೊಂದು ದಿಕ್ಕಿಗೂ ಕುದುರೆ ಅರ್ಧ ಗಂಟೆ ನಡೆದಷ್ಟು ನೆಲ ಮನೆಯವನದು. ಅಳತೆ ಶುರುವಾದ ಮೇಲೆ ಕುದುರೆ ಬದಲಿಸುವಂತಿಲ್ಲ. ಅಂದು ಬೆಳಿಗ್ಗೆ ಲಾಟೆಗನ್ನನ ಕುದುರೆ ಕುಂಟಿ, ಪೂರ್ವದ ನೀರಿನ ಬುಗ್ಗೆ ಇನ್ನೂ ಕೂಗಳತೆ ದೂರವಿರುವಾಗಲೇ ಹೊತ್ತು ಮುಗಿದಿತ್ತು.

“ಯಾರೋ ಬೇಕಂತಲೇ ಮಾಡಿದ್ದು ಭಾವ. ಗೊರಸು ನಾನು ಮುಟ್ಟಿಲ್ಲ, ಪಂಚರ ಮುಂದೆ ನೀವೇ ಎತ್ತಿ ನೋಡಿ. ಮೋಸ ಅಂತ ರುಜುವಾತಾದ್ರೆ ಇನ್ನೊಂದು ಸಲ ಅಳೀಬೇಕು. ಮಾಡಿದೋರ ಬೆನ್ನು ನನಗೆ ಬಿಡಿ.”

“ಬೆನ್ನಿನ ಮಾತು ಆಮೇಲೆ. ಮೊದಲು ಕಾಲು ನೋಡೋಣ.”

ದೂರು ಬರೆದುಕೊಂಡು, ಪಂಚರನ್ನು ಕರೆತರಲು ಪೇದೆಯನ್ನೂ ಲಾಟೆಗನ್ನನನ್ನೂ ಕಳಿಸಿ, ಮೂಲ್ಮನ್ ಅವನ ಲಾಯಕ್ಕೆ ಹೋದ. ಕಾಯಲಾಗದೆ ಗೊರಸು ಎತ್ತಿದ. ಸಂದಿನಲ್ಲಿ ಒಂದು ಹರಳುಗಲ್ಲು. ಅದು ಬೀಳದಂತೆ ಸುತ್ತ ಒತ್ತಿದ ಜೇನುಮೇಣ. ದಾರಿಯಲ್ಲಿ ಕಲ್ಲು ನೆಡಬಹುದು, ಮೇಣ ನೆಡುವುದಿಲ್ಲ.

ಹಾಲು ಕರೆಯಲು ಬಂದ ಮನೆಯಾಳು ಲೀಸ್ಬೆತ್ ಬಾಗಿಲಲ್ಲೇ ನಿಂತಳು. ಡಚ್ಚರು ಬರುವ ಮೊದಲಿನಿಂದಲೂ ಆ ಬಯಲಿನಲ್ಲಿ ದನ ಮೇಯಿಸಿಕೊಂಡಿದ್ದ ಖೊಯ್ ಜನರ ಹೆಂಗಸು. ಜೇನು ಕಚ್ಚಿ ಎಡಗಣ್ಣು ಬಾತಿತ್ತು.

“ಜೇನು ಯಾವಾಗ ಕಿತ್ತೆ?”

“ನಿನ್ನೆ, ಧಣಿ.”

“ರಾತ್ರಿ ಎಲ್ಲಿದ್ದೆ?”

“ಕೇಳೋದ್ಯಾಕೆ? ನಿಮಗೆ ಎರಡೂ ಕಣ್ಣು ಚೆನ್ನಾಗಿವೆಯಲ್ಲ.”

“ಯಾಕೆ ಮಾಡಿದೆ?”

ಅವಳು ಬಿಂದಿಗೆ ಕೆಳಗಿಟ್ಟಳು. “ಬುಗ್ಗೆ ಇವರ ಅಳತೆಯೊಳಗೆ ಹೋದ್ರೆ ನಮ್ಮ ದನ ಏನು ಕುಡೀಬೇಕು? ದನ ಹೋದ ಮೇಲೆ ನಮ್ಮ ಹಟ್ಟಿಯೋರೆಲ್ಲ ಇಲ್ಲೇ ಬಂದು ಹಾಲು ಕರೀಬೇಕು. ನಾನೊಬ್ಬಳು ಸಾಕಾಗಲ್ವಾ?”

ಕೆಳಗಿನ ಬಯಲಿನಲ್ಲಿ ಹಾಗೇ ಆಗಿತ್ತು. ನೀರು ಕೈತಪ್ಪಿದ ವರ್ಷವೇ ಖೊಯ್ ಕುಟುಂಬಗಳು ಒಂದೊಂದಾಗಿ ಆಳುಗಳಾದದ್ದನ್ನು ಮೂಲ್ಮನ್ ಕಂಡಿದ್ದ. ಹೊರಗೆ ಪಂಚರ ಮಾತು ಕೇಳಿಸಿತು. ಅವನು ಚಾಕು ತೆಗೆದು ಮೇಣವನ್ನೆಲ್ಲ ಕೆರೆದ. ಕಲ್ಲನ್ನು ಹಾಗೇ ಬಿಟ್ಟ.

“ಹೋಗು. ಹಾಲು ಕರಿ.”

“ದಾರಿಕಲ್ಲು,” ಎಂದ ಗೊರಸು ನೋಡಿದ ಒಬ್ಬ ಪಂಚ. “ಇದನ್ನೇ ಹಿಡಿದು ಒಳಗೆ ಹಾಕಿಸ್ತೀಯೇನೋ ಬಾರೆಂಡ್?” ಎಂದು ಇನ್ನೊಬ್ಬ ನಕ್ಕ. ಪಂಚನಾಮೆಗೆ ಸಹಿ ಬಿತ್ತು. ಬುಗ್ಗೆ ಅಳತೆಯ ಹೊರಗೇ ಉಳಿಯಿತು.

ಬೆಣ್ಣೆ, ಸಾಬೂನು, ಎತ್ತುಗಳ ಬೆಲೆ ಕೇಳಿ ಬರೆದುಕೊಳ್ಳುತ್ತ ವಾರದಿಂದ ಲಾಟೆಗನ್ನನ ಮನೆಯಲ್ಲಿ ತಂಗಿದ್ದ ಸ್ವೀಡನ್ನಿನ ಪ್ರವಾಸಿ ಎಕ್ಲುಂಡ್ ಊಟದ ಹೊತ್ತಿಗೆ ಕೇಳಿದ: “ನನ್ನ ಪುಸ್ತಕಕ್ಕೆ ಹೇಳಿ, ಕುದುರೆ ಯಾಕೆ ಕುಂಟಿತು?”

“ಕಲ್ಲು ನೆಟ್ಟಿತ್ತು. ಬರೆದುಕೊಳ್ಳಿ.”

ಎಕ್ಲುಂಡ್ ಬರೆದುಕೊಂಡ. ಲಾಟೆಗನ್ ತಟ್ಟೆ ತಳ್ಳಿ ಎದ್ದು ಹೋದ. ಮನೆಯಲ್ಲಿ ಹೆಂಡತಿ ಅಣ್ಣನ ಪರವಾಗಿ ಕೆದಕಿ ಕೆದಕಿ ಕೇಳುತ್ತಾಳೆಂದು ಮೂಲ್ಮನ್ನನಿಗೆ ಗೊತ್ತಿತ್ತು. ಅವಳಿಗೂ ಹೇಳಬಾರದು ಎಂದುಕೊಂಡ.