ಬಿಚ್ಚಿ ಸುತ್ತಿದ ತಾಮ್ರ

ಪ್ರೀತಿಸಿದವರ ಎದುರು ‘ತಪ್ಪು ನನ್ನದು’ ಎನ್ನಬೇಕಾದ ಹೊತ್ತಿನಲ್ಲಿ ಆ ಎರಡು ಪದಗಳನ್ನು ನುಂಗಿಕೊಂಡು, ಬದಲಿಗೆ ಒಂದು ಚೆಂಡು ಮಲ್ಲಿಗೆ ಕೊಟ್ಟು ಜಾರಿಕೊಂಡವರಲ್ಲಿ ನೀವೂ ಒಬ್ಬರಲ್ಲವೇ?

ಉತ್ತರವನ್ನು ಗಟ್ಟಿಯಾಗಿ ಹೇಳಬೇಕಾಗಿಲ್ಲ. ಬೈಕಂಪಾಡಿಯ ವೆಲ್ಡರ್ ಯೋಗೀಶನೂ ಹಾಗೆಯೇ ನುಂಗಿದ. ಅವನು ಕೆಟ್ಟವನಲ್ಲ. ಆದರೆ ಕೆಟ್ಟವರಲ್ಲದವರು ನುಂಗಿದ ಸತ್ಯವೇ ಹೆಚ್ಚು ಹಾನಿ ಮಾಡುತ್ತದೆ. ಅವರ ಮೇಲೆ ಯಾರಿಗೂ ಸಂಶಯ ಬರುವುದಿಲ್ಲವಲ್ಲ!

ಅವಳು ಮೊದಲು ಬಂದದ್ದು ಒಂದು ಭಾನುವಾರದ ಬೆಳಿಗ್ಗೆ. ಶೆಡ್ಡಿನ ಯಜಮಾನರಾದ ವಿಲ್ಲಿ ಪೊರ್ಬುಗಳು ಭಾನುವಾರದ ಪೂಜೆ ಮುಗಿಸಿ ಇಗರ್ಜಿಯಿಂದ ನೇರವಾಗಿ ಬಂದು, ಇಸ್ತ್ರಿಯ ಅಂಗಿಯಲ್ಲೇ ಕುಳಿತು ಪೇಪರು ಓದುತ್ತಿದ್ದರು. ಯೋಗೀಶ ಯಾರದೋ ಮನೆಯ ಗೇಟಿಗೆ ಸರಳು ಕೂರಿಸುತ್ತಿದ್ದ. ಒಂದು ಕೈಯಲ್ಲಿ ಸುರುಳಿ ಸುತ್ತಿದ ಕಾಗದ, ಇನ್ನೊಂದರಲ್ಲಿ ಅಕ್ಕಿಚೀಲದೊಳಗೆ ಭಾರವಾದ ಏನನ್ನೋ ಹಿಡಿದು ಅವಳು ಬಾಗಿಲಲ್ಲಿ ನಿಂತಳು.

“ಯೋಗೀಶಾ, ಎಂತ ಬೇಕಂತೆ ನೋಡು,” ಎಂದರು ಪೊರ್ಬುಗಳು, ಪೇಪರಿನಿಂದ ತಲೆಯೆತ್ತದೆ.

“ಗೇಟಿನ ಆರ್ಡರಾ?” ಎಂದು ಯೋಗೀಶ ಅವಳನ್ನು ಕೇಳಿದ.

“ಅಲ್ಲ. ಸ್ಕೂಟರಿನ ಚಾಸಿ. ಕರೆಂಟಿನ ಸ್ಕೂಟರ್, ಗುಡ್ಡ ಹತ್ತುವಂಥದ್ದು.”

“ಹೌದಾ? ಮಾಡುದು ಯಾರು? ಮನೆಯಲ್ಲಿ ಅಣ್ಣ ಇದ್ದಾರಾ?”

ಅವಳು ತಿರುಗಿ ತನ್ನ ಬೆನ್ನ ಹಿಂದೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಮತ್ತೆ ಅವನತ್ತ ತಿರುಗಿದಾಗ ಹುಬ್ಬು ಒಂದಿಷ್ಟು ಮೇಲೇರಿತ್ತು.

“ಇಲ್ಲಿ ನನ್ನನ್ನು ಬಿಟ್ಟು ಬೇರೆ ಯಾರಾದ್ರೂ ನಿಮ್ಗೆ ಕಾಣ್ತಾ ಇದ್ದಾರಾ, ಯೋಗೀಶಣ್ಣ?”

ಪೊರ್ಬುಗಳ ಪೇಪರು ಕೆಳಗಿಳಿಯಿತು. ಯೋಗೀಶನಿಗೆ ತನ್ನ ಮುಖದ ಮಸಿ ಇದ್ದಕ್ಕಿದ್ದಂತೆ ನೆನಪಾಯಿತು.

ಅವಳ ಹೆಸರು ಪ್ರಾಪ್ತಿ. ಉರ್ವ ಮಾರ್ಕೆಟಿನ ಹಿಂದೆ ಸುಟ್ಟ ಪಂಪು, ಮಿಕ್ಸಿಗಳಿಗೆ ಹೊಸ ತಾಮ್ರ ಸುತ್ತಿಕೊಡುವ ಮಾಯಿಲಪ್ಪನವರ ಮಗಳು. ಡಿಪ್ಲೊಮಾ ಮುಗಿಸಿ ಅಪ್ಪನ ಬೆಂಚಿನಲ್ಲೇ ಕುಳಿತವಳು. ಚೀಲದೊಳಗಿದ್ದದ್ದು ಗುಜರಿಯಲ್ಲಿ ಸಿಕ್ಕಿದ ಒಂದು ಮೋಟಾರು; ಅದರ ಹಳೆಯ ತಾಮ್ರವನ್ನು ಕಿತ್ತು, ಏರು ಹತ್ತುವ ಬಲ ಬರುವಂತೆ ತನ್ನದೇ ಲೆಕ್ಕದಲ್ಲಿ ಒಂದು ತಿಂಗಳು ಕುಳಿತು ಸುತ್ತಿದ್ದಳು. ಕಾಟಿಪಳ್ಳದಲ್ಲಿ ಅವಳ ಚಿಕ್ಕಮ್ಮ ಬಾಗಿಯ ಮನೆ ಇರುವುದು ಹಳೆಯ ಕೆಂಪುಕಲ್ಲಿನ ಕೋರೆಯ ಮೇಲೆ. ಆಟೋ ಬುಡದಲ್ಲೇ ನಿಲ್ಲುತ್ತದೆ. ಮೇಲಕ್ಕೆ ದನದ ಹಿಂಡಿಯ ಮೂಟೆ ಹೊತ್ತು ಹತ್ತುವಾಗ ಚಿಕ್ಕಮ್ಮ ಜಾರಿಬಿದ್ದು ಮೊಣಕಾಲು ಮುರಿದುಕೊಂಡಿದ್ದರು.

“ರಸ್ತೆಗೆ ಇಳಿಸ್ಲಿಕ್ಕೆ ಇಲ್ಲ ಇದನ್ನು. ನಂಬರ್ ಸಿಗುದಿಲ್ಲ,” ಎಂದು ಅವಳೇ ಹೇಳಿದಳು. “ಚಿಕ್ಕಮ್ಮನ ಸ್ವಂತ ಜಾಗದಲ್ಲಿ ಮೇಲೆ ಕೆಳಗೆ, ಅಷ್ಟೇ. ಆದ್ರೆ ಅರ್ಧದಲ್ಲಿ ನಿಲ್ಬಾರದು.”

ಹೀಗೆ ಭಾನುವಾರಗಳು ಅವರಿಬ್ಬರದಾದವು. ಅವನು ಚೌಕ ಪೈಪು ಕೊಯ್ದು ಚಾಸಿಯ ಚೌಕಟ್ಟು ಜೋಡಿಸುತ್ತಿದ್ದ. ಅವಳು ಪಕ್ಕದಲ್ಲಿ ಕುಳಿತು ವೈರು ಎಳೆಯುತ್ತಿದ್ದಳು. ಬ್ಯಾಟರಿಯ ಕರೆಂಟನ್ನು ಹದಮಾಡಿ ಮೋಟಾರಿಗೆ ಕೊಡುವ, ಅಂಗೈಯಗಲದ ಒಂದು ಪೆಟ್ಟಿಗೆಯನ್ನು ಅವಳು ಚಾಸಿಗೆ ಕೂರಿಸಿದ ದಿನ ಅವನ ಎದುರು ಬೆರಳೆತ್ತಿ ನಿಂತಳು.

“ಇದು ಕಂಟ್ರೋಲರ್. ಇನ್ನು ಮೇಲೆ ಚಾಸಿಗೆ ಒಂದು ಚುಕ್ಕೆ ವೆಲ್ಡಿಂಗ್ ಹೊಡೆಯುದಾದ್ರೂ ಮೊದಲು ಇದರ ಪ್ಲಗ್ ಕೀಳ್ಬೇಕು. ಇಲ್ಲದಿದ್ರೆ ನಿಮ್ಮ ವೆಲ್ಡಿಂಗಿನ ಕರೆಂಟು ನುಗ್ಗಿ ಇದು ಸುಟ್ಟುಹೋಗ್ತದೆ. ಹೇಳಿ ನೋಡುವ?”

“ಪ್ಲಗ್ ಕೀಳ್ಬೇಕು, ಟೀಚರ್.”

“ಇನ್ನೊಂದ್ಸಲ.”

ಅವನು ಇನ್ನೊಂದು ಸಲ ಹೇಳಿದ. ಹೇಳುತ್ತಾ ಅವಳ ಮೂಗಿನ ತುದಿಗೆ ಅಂಟಿದ್ದ ಗ್ರೀಸಿನ ಸಣ್ಣ ಕಪ್ಪನ್ನೇ ನೋಡುತ್ತಿದ್ದ. ಅವಳಿಗೆ ಅದು ತಿಳಿಯಿತು, ತಿಳಿದೂ ಒರೆಸಿಕೊಳ್ಳಲಿಲ್ಲ.

ವೆಲ್ಡಿಂಗ್ ಮಾಸ್ಕಿನ ಕಪ್ಪುಗಾಜಿನಲ್ಲಿ ಕಿಡಿಯೊಂದನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಆದುದರಿಂದ ಯೋಗೀಶ ಅದನ್ನು ಅಗತ್ಯಕ್ಕಿಂತ ಹೆಚ್ಚು ಸಲ ಮೇಲೆತ್ತತೊಡಗಿದ.

“ಮಾಸ್ಕೋ ಕಿಟಕಿಯೋ ಮಾರಾಯ ಅದು?” ಎಂದು ಪೊರ್ಬುಗಳು ಕೂಗಿದರು. “ಎಷ್ಟು ಸಲ ತೆಗೀತಿ?”

ಎರಡು ತಿಂಗಳಿಗೆ ಸ್ಕೂಟರ್ ಎದ್ದು ನಿಂತಿತು. ದಪ್ಪ ಹಲ್ಲಿನ ಟಯರು, ಹಳೆಯ ಬೈಕಿನ ಮುಂದಿನ ಫೋರ್ಕು, ಸೀಟಿನ ಕೆಳಗೆ ಬ್ಯಾಟರಿಯ ತಟ್ಟೆ. ಶೆಡ್ಡಿನ ಅಂಗಳದಲ್ಲಿ ಅವಳು ಅದನ್ನು ಮೂರು ಸುತ್ತು ಓಡಿಸಿ, ಕೂದಲು ಕೆದರಿಕೊಂಡು ನಕ್ಕಾಗ, ಯೋಗೀಶನಿಗೆ ತನ್ನ ಆಯುಷ್ಯದ ಅತ್ಯುತ್ತಮ ಕೆಲಸ ಇದೇ ಎಂದು ಖಚಿತವಾಯಿತು.

ತಪ್ಪು ನಡೆದದ್ದು ಆಮೇಲಿನ ಶನಿವಾರ. ಬ್ಯಾಟರಿಯ ತಟ್ಟೆಯ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಅವನ ಕಣ್ಣಿಗೆ ಬಿತ್ತು. ನಾಳೆ ಅವಳು ಬರುವಷ್ಟರಲ್ಲಿ ಅದು ಇರಬಾರದು. ತನ್ನ ಕೆಲಸದಲ್ಲಿ ಅವಳು ಕುಂದು ಕಾಣಬಾರದು. ಆ ಅವಸರದಲ್ಲಿ ಎರಡಿಂಚು ವೆಲ್ಡಿಂಗ್ ಹೊಡೆದು, ಉಜ್ಜಿ, ಕಪ್ಪು ಪೇಂಟು ಬಳಿದ. ಪ್ಲಗ್ ಕೀಳಲಿಲ್ಲ.

ಮರುದಿನ ಅವಳು ಆಕ್ಸಿಲರೇಟರ್ ತಿರುಗಿಸಿದಾಗ ಟಪ್ಪೆಂದು ಸದ್ದಾಗಿ ಸುಟ್ಟ ವಾಸನೆ ಬಂತು. ಚಕ್ರ ಕದಲಲಿಲ್ಲ. ಏನಾಯಿತೆಂದು ಯೋಗೀಶನಿಗೆ ಆ ಕ್ಷಣಕ್ಕೇ ಅರ್ಥವಾಯಿತು. ಆದರೂ ಅವನು ಕೇಳಿದ: “ಎಂತಾಯ್ತು?”

ಗೊತ್ತಿದ್ದೂ ಕೇಳಿದ ಆ ಪ್ರಶ್ನೆಯನ್ನು ಯಾವ ನ್ಯಾಯವೂ ಒಪ್ಪಲಾರದು.

“ನನ್ನ ವೈಂಡಿಂಗೇ, ನಾನು ಸುತ್ತಿದ್ದೇ ಸರಿ ಇಲ್ಲ,” ಎಂದಳು ಪ್ರಾಪ್ತಿ, ಬಣ್ಣವಿಳಿದ ಮುಖದಲ್ಲಿ. “ಬಿಸಿಯಾದಾಗ ಒಳಗೆ ಎಲ್ಲೋ ತಂತಿಗೆ ತಂತಿ ತಾಗ್ತಾ ಉಂಟು. ಅದಕ್ಕೇ ಕಂಟ್ರೋಲರ್ ಹೋಯ್ತು.”

“ಇರ್ಲಿಕ್ಕಿಲ್ಲ...”

“ಮತ್ತೆ ಎಂತ? ನಿಮ್ಮ ಕೆಲಸಕ್ಕೆ ಹೆಸರಿಡ್ಲಿಕ್ಕೆ ಆಗ್ತದಾ? ಅಷ್ಟು ಚೊಕ್ಕ ಉಂಟು.”

ಆ ಒಂದು ಹೊಗಳಿಕೆ ಅವನ ಬಾಯಿಗೆ ಬೀಗ ಹಾಕಿತು. ಚಹಾ ಕುಡಿದ ಮೇಲೆ ಹೇಳೋಣ ಎಂದುಕೊಂಡ. ಚಹಾ ಮುಗಿಯಿತು. ಅವಳು ಮೋಟಾರನ್ನು ಕಳಚಿ ಚೀಲಕ್ಕೆ ತುಂಬಿ ಬಸ್ ಹತ್ತಿದಳು.

ಬುಧವಾರ ಅವನು ಉರ್ವಕ್ಕೆ ಹೋದ. ಹೇಳಿಯೇ ಬರುವುದೆಂದು ಹೊರಟವನ ಕೈಯಲ್ಲಿ, ಮಾರ್ಕೆಟು ದಾಟುವಷ್ಟರಲ್ಲಿ ಮಲ್ಲಿಗೆಯ ಪೊಟ್ಟಣ ಸೇರಿತ್ತು. ಅಂಗಡಿಯಲ್ಲಿ ಮಾಯಿಲಪ್ಪನವರು, ತಂತಿಯ ದೋಷ ಹಿಡಿಯುವ ಬಲ್ಬನ್ನು ಕೈಯಲ್ಲಿ ಹಿಡಿದು, ಮಗಳಿಗೆ ಹೇಳುತ್ತಿದ್ದರು: “ಸೀರೀಸ್ ಲ್ಯಾಂಪ್ ಹಾಕಿ ಎರಡು ಸಲ ನೋಡಿದೆ ಮಗಾ. ನಿನ್ನ ವೈಂಡಿಂಗ್ ಸರಿ ಉಂಟು.”

“ಹಾಗಾದ್ರೆ ಕಂಟ್ರೋಲರ್ ತನ್ನಷ್ಟಕ್ಕೆ ಸುಟ್ಟುಹೋಯ್ತಾ, ಅಪ್ಪ?”

ಮಾಯಿಲಪ್ಪನವರು ಚಹಾಕ್ಕೆಂದು ಹೊರಗೆ ಹೋದರು. ಅಪ್ಪನ ಮಾತು ನಂಬದೆ ಅವಳು ಕಟ್ಟರಿನಿಂದ ತಾಮ್ರ ಕತ್ತರಿಸತೊಡಗಿದಳು. ಒಂದು ತಿಂಗಳ ತಾಮ್ರ, ಯಾವ ದೋಷವೂ ಇಲ್ಲದ ತಾಮ್ರ, ಎಳೆ ಎಳೆಯಾಗಿ ನೆಲಕ್ಕೆ ಬೀಳುತ್ತಿತ್ತು. ಅವಳ ಎರಡು ಬೆರಳಿಗೆ ಬ್ಯಾಂಡೇಜು ಇತ್ತು. ಯೋಗೀಶ ಪೊಟ್ಟಣವನ್ನು ಮುಂದೆ ಚಾಚಿದ.

“ಅಲ್ಲೇ ಇಡಿ, ಕೈಯಲ್ಲಿ ವಾರ್ನಿಷ್ ಉಂಟು,” ಎಂದವಳು ಅವನನ್ನು ಓರೆನೋಟದಲ್ಲಿ ಅಳೆದಳು. “ಹೂ ಎಂತಕ್ಕೆ?”

“ಸುಮ್ನೆ.”

“ಸುಮ್ನೆ ಹೂ ತರುವವರ ಮುಖ ಹೀಗೆ ಬೆವರ್ತದಾ?”

ಅವನು ತಲೆ ತಗ್ಗಿಸಿದ. ಆ ತಗ್ಗಿದ ತಲೆಗೆ ಅವಳು ಬೇರೆಯೇ ಅರ್ಥ ಕಟ್ಟಿದಳು. ಕಟ್ಟರು ನಿಂತಿತು. ಕಿವಿಯ ಹಿಂದೆ ಕೂದಲು ಸರಿಸಲು ಹೋದವಳು ವಾರ್ನಿಷ್ ನೆನಪಾಗಿ ಕೈ ಹಿಂತೆಗೆದಳು, ತುಟಿ ಕಚ್ಚಿ ನಗುವನ್ನು ತಡೆದಳು. ಅವನ ಅಪರಾಧವು ಅವಳ ಕೆನ್ನೆಯಲ್ಲಿ ಪ್ರೀತಿಯಾಗಿ ಕೆಂಪೇರಿತು. ಅದನ್ನೂ ಅವನು ತಿದ್ದಲಿಲ್ಲ! ಪ್ರೀತಿ ನಿಜವಾಗಿದ್ದರೂ ಅದು ಸಿಕ್ಕಿದ ಬಗೆ ಕಳ್ಳತನದ್ದೆಂದು ಅವನ ಮನಸ್ಸಿಗೆ ಚೆನ್ನಾಗಿ ಗೊತ್ತಿತ್ತು.

ಭಾನುವಾರ ಅವಳು ಅಪ್ಪನೊಂದಿಗೆ ಟೆಂಪೋದಲ್ಲಿ ಬಂದಳು. ಲೆಕ್ಕ ಮೊದಲೇ ಸಿದ್ಧವಿದ್ದುದರಿಂದ ಮೋಟಾರು ನಾಲ್ಕೇ ದಿನದಲ್ಲಿ ಹೊಸದಾಗಿ ಸುತ್ತಿ ಮುಗಿದಿತ್ತು. ಕೊರಿಯರಿನಲ್ಲಿ ಹೊಸ ಕಂಟ್ರೋಲರೂ ಬಂದಿತ್ತು. ಆದರೆ ಅವಳು ಎರಡನ್ನೂ ಬೆಂಚಿನ ಮೇಲಿಟ್ಟು ಹಿಂದೆ ಸರಿದಳು.

“ಜೋಡಿಸುದಿಲ್ಲ ನಾನು. ಚಾಸಿ ನೀವೇ ಇಟ್ಕೊಳ್ಳಿ, ಯೋಗೀಶಣ್ಣ. ಚಿಕ್ಕಮ್ಮ ಕೂತು ಏರುವಾಗ ಅರ್ಧದಲ್ಲಿ ನಿಂತು ಹಿಂದಕ್ಕೆ ಜಾರಿದ್ರೆ? ನನ್ಗೆ ನನ್ನ ಕೈ ಮೇಲೆ ಧೈರ್ಯ ಇಲ್ಲ. ಒಂದನೇ ತಾರೀಕಿಂದ ಫೈನಾನ್ಸ್ ಆಫೀಸಿಗೆ ಕೆಲಸಕ್ಕೆ ಹೋಗ್ತೇನೆ. ಅಪ್ಪನ ಬೆಂಚೂ ಬೇಡ.”

ಮಾಯಿಲಪ್ಪನವರು ಗೋಡೆಯತ್ತ ತಿರುಗಿ ನಿಂತರು.

ಯೋಗೀಶ ಕಬ್ಬಿಣ ಉಜ್ಜುವ ಒಂದು ಅರ ಎತ್ತಿಕೊಂಡು ನೆಲದಲ್ಲಿ ಮಂಡಿಯೂರಿದ. ಬ್ಯಾಟರಿಯ ತಟ್ಟೆಯ ಮೂಲೆಯನ್ನು ಉಜ್ಜಿದ. ಕಪ್ಪು ಪೇಂಟು ಉದುರಿ, ಕೆಳಗಿನ ಹೊಸ ವೆಲ್ಡಿಂಗ್ ಬೆಳ್ಳಗೆ ಹೊಳೆಯಿತು.

“ನಿಮ್ಮ ಕೈಗೆ ಎಂತದೂ ಆಗ್ಲಿಲ್ಲ, ಪ್ರಾಪ್ತಿ. ಅದು ಸುಡುವ ಹಿಂದಿನ ದಿನ ನಾನು ಇಲ್ಲಿ ವೆಲ್ಡಿಂಗ್ ಹೊಡೆದೆ. ಪ್ಲಗ್ ಕೀಳ್ಲಿಲ್ಲ. ಕಂಟ್ರೋಲರ್ ಸುಟ್ಟದ್ದು ನಾನು.”

ಪ್ರಾಪ್ತಿ ಬಾಗಿ ಆ ಹೊಳಪನ್ನು ಬೆರಳಿನಿಂದ ಮುಟ್ಟಿ ನೋಡಿದಳು.

“ಯೋಗೀಶ್,” ಎಂದಳು ಅವಳು. ‘ಅಣ್ಣ’ ಇಲ್ಲದ ಆ ಹೆಸರನ್ನು ಅವನು ಎಷ್ಟೋ ಸಲ ಕನಸಿನಲ್ಲಿ ಕೇಳಿದ್ದ; ಅದು ಹೀಗೆ ಬರುತ್ತದೆಂದು ಎಣಿಸಿರಲಿಲ್ಲ. “ಸರಿಯಿದ್ದ ತಾಮ್ರ ನಾನು ಕತ್ತರಿಸ್ತಾ ಇದ್ದೆ. ನೀವು ಎದುರು ನಿಂತು ನೋಡ್ತಾ ಇದ್ರಿ.”

“ಹೌದು.”

“ಎಂಟು ದಿನ ನಾನು ನನ್ನ ಕೈಗೆ ಬೈದೆ.”

“ಹೌದು.”

“ಹೂ ಅದಕ್ಕಾ?”

ಇಲ್ಲಿ ಒಂದು ಸಣ್ಣ ಸುಳ್ಳು ಸಾಕಿತ್ತು. ಅವನು ಅದನ್ನು ಆಡಲಿಲ್ಲ. “ಅದಕ್ಕೂ ಹೌದು. ಅದಕ್ಕೆ ಮಾತ್ರ ಅಲ್ಲ.”

“ನನ್ನ ಸೀರೀಸ್ ಲ್ಯಾಂಪ್ ಸುಳ್ಳು ಹೇಳುದಿಲ್ಲ ಅಂತ ನಾನು ಅವತ್ತೇ ಹೇಳ್ಲಿಲ್ವಾ?” ಎಂದು ಮಾಯಿಲಪ್ಪನವರು ಗೋಡೆಗೇ ಹೇಳಿದರು.

ಪ್ರಾಪ್ತಿ ಕಣ್ಣೊರೆಸಿಕೊಂಡಳು. ಆಮೇಲೆ ಅಂಗಿಯ ತೋಳು ಮಡಚಿ, ಮೋಟಾರನ್ನೂ ಹೊಸ ಕಂಟ್ರೋಲರನ್ನೂ ಎತ್ತಿಕೊಂಡು ಸ್ಕೂಟರಿನ ಪಕ್ಕ ನೆಲದಲ್ಲೇ ಕುಳಿತಳು.

“ಟಾರ್ಚ್ ಹಿಡೀರಿ. ಮಾತಾಡ್ಬೇಡಿ.”

ಒಂದೂವರೆ ಗಂಟೆ ಅವನು ಹಿಡಿದ. ಎಡಕ್ಕೆ ಎಂದರೆ ಎಡಕ್ಕೆ, ಕೆಳಗೆ ಎಂದರೆ ಕೆಳಗೆ. ತೋಳು ಸೋತು ಬೆಳಕು ನಡುಗಿದಾಗ ಅವಳು ತಲೆಯೆತ್ತದೆ, “ನೋಯ್ತದಾ?” ಎಂದಳು. “ಇಲ್ಲ” ಎಂದ. “ಈಗ್ಲೂ ಸುಳ್ಳಾ?” “ನೋಯ್ತದೆ.” “ಒಳ್ಳೇದಾಯ್ತು.” ಪೊರ್ಬುಗಳು ಕೆಮ್ಮಿನ ನೆಪದಲ್ಲಿ ನಗು ನುಂಗಿದರು.

ಅವಳು ಆಕ್ಸಿಲರೇಟರ್ ತಿರುಗಿಸಿದಳು. ಚಕ್ರ ಮೆತ್ತಗೆ, ಹಟವಿಲ್ಲದೆ, ತಿರುಗಿತು.

ಮಧ್ಯಾಹ್ನವೇ ಸ್ಕೂಟರನ್ನು ಹೊತ್ತ ಟೆಂಪೋ ಕಾಟಿಪಳ್ಳ ಮುಟ್ಟಿತು. ಕೋರೆಯ ಮೇಲೆ ಚಿಕ್ಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾದಿದ್ದರು. ಹಿಂದೆ ಹಿಂಡಿಯ ಮೂಟೆ ಕಟ್ಟಿಕೊಂಡು ಪ್ರಾಪ್ತಿ ಏರಿಗೆ ಗಾಡಿ ಬಿಟ್ಟಳು. ಮಾಯಿಲಪ್ಪನವರು ಹಿಂದೆ ಓಡಲು ಹೊರಟರೆ, “ಯಾರೂ ಹಿಡೀಬೇಡಿ!” ಎಂದು ಕೂಗಿದಳು.

ಅರ್ಧದಲ್ಲಿ ಹಿಂದಿನ ಚಕ್ರ ಜಲ್ಲಿಯಲ್ಲಿ ಜಾರಿ ಕೆಂಪು ಧೂಳೆಬ್ಬಿಸಿತು. ಯೋಗೀಶನ ಕಾಲು ತಾನಾಗಿ ಒಂದು ಹೆಜ್ಜೆ ಮುಂದಿಟ್ಟಿತು. ಅವನು ಅದನ್ನು ಹಿಂತೆಗೆದುಕೊಂಡ. ಆ ಏರು ಅವಳದು. ಅವಳು ಮುಂದಕ್ಕೆ ಬಾಗಿ, ಕೈಯನ್ನು ಅವಸರವಿಲ್ಲದೆ ಬಿಗಿಗೊಳಿಸಿದಳು. ಟಯರು ಕಲ್ಲನ್ನು ಕಚ್ಚಿತು. ಮೂಟೆ, ಗಾಡಿ, ಹುಡುಗಿ, ಮೂರೂ ಕೋರೆಯ ಅಂಚು ದಾಟಿ ಮೇಲೆ ಹೋದವು.

“ಎನ್ನ ಬಂಗಾರ್!” ಎಂದ ಚಿಕ್ಕಮ್ಮನ ತುಳು ಕೆಳಗಿನವರೆಗೂ ಕೇಳಿಸಿತು.

ಮೂಟೆ ಇಳಿಸಿ ಅವಳು ಮತ್ತೆ ಕೆಳಗೆ ಬಂದಳು. ರೆಪ್ಪೆಯ ಮೇಲೆಲ್ಲ ಕೆಂಪು ಧೂಳು.

“ಹತ್ತಿ. ಹಿಂದೆ.”

ಅವನು ಹತ್ತಿದ. ಕೈ ಎಲ್ಲಿಡಬೇಕೆಂದು ತಿಳಿಯದೆ ತನ್ನ ಮೊಣಕಾಲನ್ನೇ ಹಿಡಿದುಕೊಂಡ.

“ನಾನು ಕ್ಷಮಿಸಿದೆ ಅಂತ ತಿಳ್ಕೊಳ್ಬೇಡಿ,” ಎಂದಳು ಅವಳು, ದಾರಿಯ ಮೇಲೇ ಕಣ್ಣಿಟ್ಟು. “ಎಂಟು ದಿನ ನಮ್ಮ ಅಂಗಡಿಗೆ ಬಂದು ತಾಮ್ರ ಸುತ್ಬೇಕು. ಸುತ್ತು ತಪ್ಪಿದ್ರೆ ಮೊದಲಿಂದ.”

“ಸುತ್ತುತ್ತೇನೆ. ಎಂಟು ದಿನ ಆದ್ಮೇಲೆ?”

“ಅಷ್ಟೊತ್ತಿಗೆ ದಿನಾ ಬರುದು ಅಭ್ಯಾಸ ಆಗಿರ್ತದಲ್ಲ.”

ಏರು ಕಡಿದಾಯಿತು. ಅವನ ಕೈ ಮೆಲ್ಲನೆ ಅವಳ ಹೆಗಲಿಗೆ ಬಂತು, ಅವಳು ಕೊಡವಲಿಲ್ಲ.

“ಇನ್ನೊಂದು ಹೇಳ್ಲಿಕ್ಕೆ ಉಂಟು,” ಎಂದ ಅವನು.

“ಅದನ್ನೂ ಎಂಟು ದಿನದಿಂದ ಬಚ್ಚಿಟ್ಟಿದ್ದೀರಾ?”

“ಇಲ್ಲ. ನೀವು ಮೊದಲು ಬಂದ ದಿನದಿಂದ.”

ಅವಳು ಬ್ರೇಕು ಹಿಡಿದಳು. ಗಾಡಿ ಏರಿನಲ್ಲಿ ಕದಲದೆ ನಿಂತಿತು. ಕಾಲು ಊರಿ, ಪೂರ್ತಿಯಾಗಿ ಹಿಂದಕ್ಕೆ ತಿರುಗಿ, ಅವನ ಕಣ್ಣಲ್ಲಿ ಕಣ್ಣಿಟ್ಟಳು.

“ಬೆನ್ನಿಗೆ ಹೇಳ್ಬೇಡಿ. ಮುಖ ನೋಡಿ ಹೇಳಿ.”

“ನೀವಂದ್ರೆ ನನ್ಗೆ ಪ್ರೀತಿ, ಪ್ರಾಪ್ತಿ. ನಿಮ್ಮ ಅಪ್ಪನ ಹತ್ರ ಇವತ್ತೇ ಕೇಳ್ತೇನೆ.”

ಅವಳು ಅವನ ಮುಖದಲ್ಲಿ ಏನನ್ನೋ ಹುಡುಕಿದಳು, ಮುಚ್ಚಿಟ್ಟದ್ದು ಇನ್ನೇನಾದರೂ ಉಳಿದಿದೆಯೇ ಎಂಬಂತೆ. ಏನೂ ಸಿಗಲಿಲ್ಲ. ಆಗ, ಎಂಟು ದಿನಗಳಲ್ಲಿ ಮೊದಲ ಸಲ, ತಡೆಯಿಲ್ಲದೆ ನಕ್ಕಳು.

“ಕೇಳುವಾಗ ನಾನೂ ಪಕ್ಕದಲ್ಲಿರ್ತೇನೆ,” ಎಂದಳು. “ನನ್ನ ಉತ್ತರ ‘ಹೌದು’ ಅಂತ ಅಪ್ಪನಿಗೂ ಗೊತ್ತಾಗ್ಬೇಕಲ್ಲ.”

ಓದುಗರೇ, ನಿಮ್ಮ ಮನೆಯಲ್ಲೋ ನೀವು ದುಡಿಯುವಲ್ಲೋ, ತನ್ನದಲ್ಲದ ತಪ್ಪಿಗೆ ತನ್ನ ಕೈಯನ್ನೇ ಶಪಿಸುತ್ತಾ, ಬಲ್ಲ ಕೆಲಸವನ್ನು ಬಿಟ್ಟುಬಿಡಲು ಹೊರಟವರು ಒಬ್ಬರಾದರೂ ಇರುತ್ತಾರೆ. ಅವರು ಯಾರೆಂಬುದು ನಿಮಗೆ ಗೊತ್ತು. ಈ ಪುಟವನ್ನು ಮಡಚಿಟ್ಟು ಈಗಲೇ ಅವರ ಬಳಿಗೆ ಹೋಗಿ; ನಾಲ್ವರ ಎದುರು, ಎಲ್ಲರಿಗೂ ಕೇಳುವಂತೆ, ‘ನಿನ್ನ ಕೈ ಸರಿಯಾಗಿಯೇ ಇದೆ’ ಎಂದು ಹೇಳಿ.