‘ಕುಳಿತ ತಾಯಿ’ ಕಾಣೆಯಾದ ಪ್ರಕರಣ

೨೦೨೩ರ ಅಕ್ಟೋಬರ್ ೧೮, ಬುಧವಾರ, ಬೆಳಿಗ್ಗೆ ೯.೪೦. ಅರೋರಾದಿಂದ ಹನ್ನೆರಡು ಮೈಲಿ ದೂರದ ಸಣ್ಣ ಊರೊಂದರ ಪೊಲೀಸ್ ಠಾಣೆಗೆ ಹಾವೆಲ್ಕಾ ಕಲಾ ಸಂಗ್ರಹಾಲಯದಿಂದ ಫೋನ್ ಬಂತು. ಇಪ್ಪತ್ತೊಂದು ಆಧುನಿಕ ಚೆಕ್ ಚಿತ್ರಕಾರರ, ಶಿಲ್ಪಿಗಳ ಕೃತಿಗಳಿರುವ ಜಾಗ ಅದು. ಶಿಲ್ಪಿ ಒಟಕಾರ್ ವ್ರಾನಾ ೧೯೩೪ರಲ್ಲಿ ಮಾಡಿದ ‘ಕುಳಿತ ತಾಯಿ’ ಪೀಠದ ಮೇಲಿರಲಿಲ್ಲ. ಹದಿನಾಲ್ಕು ಇಂಚಿನ ಸುಟ್ಟಮಣ್ಣಿನ ಮೂರ್ತಿ. ವ್ರಾನಾನ ಉಳಿದ ಮೂರ್ತಿಗಳೆಲ್ಲ ಯುದ್ಧದಲ್ಲಿ ಪುಡಿಯಾಗಿದ್ದವು, ಇದೊಂದೇ ಬದುಕಿತ್ತು.

ನಾವು ಎಫ್‌ಐಆರ್ ಅನ್ನುವುದಕ್ಕೆ ಇಲ್ಲಿ ಇನ್ಸಿಡೆಂಟ್ ರಿಪೋರ್ಟ್ ಅನ್ನುತ್ತಾರೆ. ಪಂಚರನ್ನು ಕರೆಯುವ ಪದ್ಧತಿಯಿಲ್ಲ. ಪಂಚನಾಮೆಯ ಕೆಲಸವನ್ನು ಕ್ಯಾಮೆರಾ ಮಾಡುತ್ತದೆ. ೧೦.೧೫ಕ್ಕೆ ಡಿಟೆಕ್ಟಿವ್ ವೀರೇಶ್ ಗಾಣಿಗೇರ, ಆಫೀಸರ್ ಡಯಾಜ್ ಇಬ್ಬರೂ ಸ್ಥಳಕ್ಕೆ ಬಂದರು. ವೀರೇಶ್ ಹುಟ್ಟಿದ್ದು ಬಾಗಲಕೋಟೆ, ಬೆಳೆದದ್ದು ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನ್. ಕನ್ನಡವನ್ನು ಮಾತ್ರ ಅವ್ವನ ಬಾಯಿಂದ ಹಾಗೇ ಎತ್ತಿಕೊಂಡಿದ್ದ.

ಬೀಗ ಒಡೆದಿರಲಿಲ್ಲ. ಹಿಂಬಾಗಿಲಿಗೆ ಕ್ಯಾಮೆರಾ ಇರಲಿಲ್ಲ. ಕೀಲಿ ಇದ್ದದ್ದು ಮೂವರ ಬಳಿ. ನಿರ್ದೇಶಕಿ ಹೆಲೆನ್ ಎರಡು ದಿನ ಡೆಟ್ರಾಯಿಟ್‌ನಲ್ಲಿದ್ದರು. ಮಂಗಳವಾರ ಸಂಗ್ರಹಾಲಯಕ್ಕೆ ರಜೆ. ಬೆಳಿಗ್ಗೆ ಕೃತಿಗಳ ಪಟ್ಟಿ ಬರೆಯಲು ಬಂದು ಹೋದವರು ಸ್ವಯಂಸೇವಕಿ ಶಾರದ. ಸಂಜೆ ಕಸ ಗುಡಿಸಿದವಳು ಯಾರ್ಮಿಲಾ. ಅರವತ್ತೊಂದು ವರ್ಷದವಳು, ಚೆಕ್ ಮನೆತನದವಳೇ, ಹತ್ತೊಂಬತ್ತು ವರ್ಷದಿಂದ ಅಲ್ಲೇ ಕೆಲಸ.

ಸಂಗ್ರಹಾಲಯದ ಕಡತದಲ್ಲಿ ಆಗಸ್ಟ್ ತಿಂಗಳ ಒಂದು ದೂರಿನ ಪತ್ರವಿತ್ತು. ಯಾರ್ಮಿಲಾ ಒದ್ದೆ ಬಟ್ಟೆಯಿಂದ ‘ಕುಳಿತ ತಾಯಿ’ಯನ್ನು ಒರೆಸುತ್ತಾಳೆ, ಅವಳನ್ನು ಮೂರ್ತಿಗಳ ಹತ್ತಿರ ಬಿಡಬಾರದು ಎಂದು ಬರೆದವರು ಶಾರದ.

ವೀರೇಶನಿಗೆ ಅಷ್ಟು ಸಾಕಾಯಿತು. ಮಧ್ಯಾಹ್ನ ಯಾರ್ಮಿಲಾಳನ್ನು ಠಾಣೆಯಲ್ಲಿ ಕೂರಿಸಿದ.

"ಸಂಜೆ ಪೀಠ ಖಾಲಿ ಇತ್ತೋ ಇಲ್ಲವೋ?"

"ನೋಡಲಿಲ್ಲ."

"ಕೋಣೆ ಗುಡಿಸಿದವರು ನೋಡಲಿಲ್ಲವೆ?"

"ಆ ಪತ್ರ ಬಂದಮೇಲೆ ಆ ಕೋಣೆಯಲ್ಲಿ ನಾನು ತಲೆ ಎತ್ತುವುದಿಲ್ಲ."

ವೀರೇಶ್ ನಂಬಲಿಲ್ಲ. ಅವಳ ಕೈಚೀಲವನ್ನು ಮೇಜಿನ ಮೇಲೆ ಸುರಿಸಿದ. ಕನ್ನಡಕ, ಮಾತ್ರೆ, ಅರ್ಧ ತಿಂದ ಬ್ರೆಡ್ಡು, ಒಂದು ಜಪಮಾಲೆ. ಒಂದೊಂದನ್ನೂ ಡಯಾಜ್ ಬರೆದುಕೊಂಡಳು. ಮೂರು ಗಂಟೆಯ ಪ್ರಶ್ನೆಗಳಲ್ಲಿ ಏನೂ ಹೊರಬರಲಿಲ್ಲ. ಆದರೂ ಸಂಗ್ರಹಾಲಯದವರು ಅಂದೇ ಅವಳನ್ನು ಕೆಲಸದಿಂದ ನಿಲ್ಲಿಸಿದರು.

ಸಂಜೆ ೫.೩೦ಕ್ಕೆ ಅರೋರಾದಲ್ಲಿ ಶಾರದ ಅವರ ಮನೆ. ನಿವೃತ್ತ ವೈದ್ಯೆ, ಮೈಸೂರಿನವರು, ಕನ್ನಡ ಸಂಘದಲ್ಲಿ ವೀರೇಶನಿಗೆ ಪರಿಚಯದವರು. ನವರಾತ್ರಿ; ನಡುಮನೆ ತುಂಬ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸಿದ್ದರು.

"ಬಾಪ್ಪಾ ವೀರೇಶ್. ಮೊದ್ಲು ಉಪ್ಪಿಟ್ಟು ತಿನ್ನು, ಆಮೇಲೆ ಪೊಲೀಸ್ ಕೆಲಸ."

"ಮಂಗಳವಾರ ಮ್ಯೂಸಿಯಮ್ಮಿಂದ ಎಷ್ಟೊತ್ತಿಗೆ ಹೊಂಟ್ರಿ ಆಂಟಿ?"

"ಹನ್ನೊಂದಕ್ಕೆ. ಎಲ್ಲಾ ಸರಿಯಾಗೇ ಇತ್ತು. ಆ ಯಾರ್ಮಿಲಾಗೆ ಮೂರ್ತಿ ಅಂದ್ರೆ ಭಯಭಕ್ತಿ ಇಲ್ಲ ಕಣಪ್ಪಾ. ನಾನು ಹೇಳ್ದೆ ಅಂತ ಬರೀಬೇಡ."

ವೀರೇಶ್ ಬರೆಯಲಿಲ್ಲ. ಎರಡನೇ ಸಲವೂ ಉಪ್ಪಿಟ್ಟು ಹಾಕಿಸಿಕೊಂಡ. ನಮ್ಮವರು ಅಂದರೆ ನಮ್ಮ ಕಣ್ಣಿಗೆ ಪೊರೆ ಬರುತ್ತದೆ. ಪೊಲೀಸರ ಕಣ್ಣೇನು ಬೇರೆಯೆ?

ಶುಕ್ರವಾರ ಬೆಳಿಗ್ಗೆ ಡಯಾಜ್ ಸ್ಥಳದ ಫೋಟೋಗಳನ್ನು ಮತ್ತೆ ಮುಂದಿಟ್ಟಳು. ಏಳನೆಯದರಲ್ಲಿ ಪೀಠದ ಅಂಚಿಗೆ ನಾಲ್ಕು ಅಕ್ಕಿಕಾಳು. ಕೆಳಗೆ ಅವಳೇ ಬರೆದಿದ್ದಳು: ‘ಯಾರದೋ ಊಟದ್ದು.’

"ಬೇಯಿಸಿದ ಅಕ್ಕಿಯಲ್ಲ. ಹಳದಿ ಯಾಕಿದೆ?" ಎಂದು ಕೇಳಿದಳು.

ವೀರೇಶ್ ಫೋಟೋ ದೊಡ್ಡದು ಮಾಡಿದ. ಅರಿಸಿನ ಹಚ್ಚಿದ ಅಕ್ಕಿ, ಅಕ್ಷತೆ. ಮೊದಲ ದಿನದಿಂದ ಅದು ಫೈಲಿನಲ್ಲೇ ಇತ್ತು. ಇಡೀ ಠಾಣೆಯಲ್ಲಿ ಅದನ್ನು ಗುರುತಿಸಬಲ್ಲವನು ಅವನೊಬ್ಬನೇ, ಅವನೇ ನೋಡಿರಲಿಲ್ಲ.

೧೧.೨೦ಕ್ಕೆ ಮತ್ತೆ ಅದೇ ಗೊಂಬೆಗಳ ಮುಂದೆ ನಿಂತ. ಈ ಸಲ ಕೂರಲಿಲ್ಲ. ಫೋನಿನಲ್ಲಿ ಫೋಟೋ ತೋರಿಸಿದ.

"ಮೂರ್ತಿ ಎಲ್ಲಿ ಒಯ್ದ್ರಿ ಆಂಟಿ?"

ಶಾರದ ಫೋನು ಇಸಿದುಕೊಂಡು ನೋಡಿ, ವಾಪಸು ಕೊಟ್ಟರು.

"ಧೂಳು ಕೂತಿತ್ತು. ಪ್ರತಿ ಮಂಗಳವಾರ ಸೆರಗಲ್ಲಿ ಒರೆಸ್ತಿದ್ದೆ. ಗೊಂಬೆ ಒರೆಸಿದ ಕೈ ನೋಡು, ಸುಮ್ನಿರಲ್ಲ. ಅವತ್ತು ಜಾರ್ತು. ಕತ್ತು ಮುರೀತು."

"ಆಮ್ಯಾಲೆ?"

"ಭಿನ್ನ ಆದ ಮೂರ್ತಿ ಇಟ್ಕೋಬಾರ್ದಲ್ಲಪ್ಪಾ. ಪೀಠದ ಮೇಲಿಟ್ಟು ಅಕ್ಷತೆ ಹಾಕ್ದೆ. ದೇವಸ್ಥಾನದ್ದು ಪರ್ಸಲ್ಲಿತ್ತು. ಕುಂಕುಮ ಇಟ್ಟು, ಟವೆಲಲ್ಲಿ ಸುತ್ತಿ, ಫಾಕ್ಸ್ ನದಿಗೆ ಬಿಟ್ಟೆ."

"ಅದು ಮ್ಯೂಸಿಯಮ್ಮಿನ ಮೂರ್ತಿ ಐತ್ರಿ ಆಂಟಿ. ಮುರಿದ್ರೆ ಜೋಡಸ್ತಿದ್ರು. ಅದಕ್ಕ ಅವರಲ್ಲಿ ಜನ ಅದಾರ."

"ಗೊತ್ತು ಕಣಪ್ಪಾ. ನೀರಿಗೆ ಬಿಟ್ರೆ ಧರ್ಮ ಅಂದ್ಕೊಂಡೆ. ಸುಳ್ಳು. ಯಾರೂ ನೋಡ್ಬಾರ್ದು ಅಂತಷ್ಟೇ ಇತ್ತು." ಅವರ ದನಿ ಇಳಿಯಿತು. "ಒದ್ದೆ ಬಟ್ಟೇಲಿ ಮುಟ್ಟಿದಳು ಅಂತ ಅವಳ ಮೇಲೆ ಪತ್ರ ಬರೆದೋಳು ನಾನು. ಮುರಿದೋಳೂ ನಾನೇ ಅಂತ ಯಾವ ಬಾಯಲ್ಲಿ ಹೇಳ್ಲಿ? ಅವಳನ್ನ ನಿಲ್ಲಿಸಿದ್ರು ಅಂತ ನಿನ್ನೆ ಹೆಲೆನ್ ಹೇಳಿದ್ರು. ಸಂಜೆ ಆರತಿ ಮಾಡಿ ಹದಿನಾರು ಜನಕ್ಕೆ ಕುಂಕುಮ ಕೊಟ್ಟೆ."

"ಕೋಳ ಹಾಕಬೇಕಾಗ್ತದ್ರಿ."

"ಹಾಕು. ಬಳೆ ತೆಗೀಲಾ?"

೧೧.೫೦ಕ್ಕೆ ಬಂಧನ. ಮಧ್ಯಾಹ್ನ ೨.೩೫ಕ್ಕೆ, ಅವರು ತೋರಿಸಿದ ಕಾಲುಸೇತುವೆಯ ಕೆಳಗೆ ಮೊಣಕಾಲುದ್ದದ ನೀರಿನಲ್ಲಿ ಟವೆಲು ಸಿಕ್ಕಿತು. ರುಂಡ ಬೇರೆ, ಮುಂಡ ಬೇರೆ. ಹಣೆಯಲ್ಲಿ ಕುಂಕುಮದ ಕಲೆ ಹಾಗೇ ಇತ್ತು.

ಸಂಜೆ ವೀರೇಶ್ ಯಾರ್ಮಿಲಾಳ ಮನೆಗೆ ಹೋದ. ಠಾಣೆಯಲ್ಲಿ ಉಳಿದುಹೋಗಿದ್ದ ಜಪಮಾಲೆ ಕೊಟ್ಟ, ಕ್ಷಮೆ ಕೇಳಿದ. ನಾಳೆಯಿಂದ ಕೆಲಸಕ್ಕೆ ಬರಬೇಕಂತೆ ಎಂದ. ಅವಳು ಒಳಗೆ ಕರೆಯಲಿಲ್ಲ.

"ನಾನು ಅವಳನ್ನು ಒರೆಸುತ್ತಿದ್ದದ್ದು ನಿಜ," ಎಂದಳು. "ನಮ್ಮಮ್ಮನ ಹಾಗೆ ಕಾಣುತ್ತಿದ್ದಳು. ಕೀಲಿ ನನ್ನ ಹತ್ತಿರವೂ ಇತ್ತು, ಶಾರದ ಅವರ ಹತ್ತಿರವೂ ಇತ್ತು. ನನ್ನ ಚೀಲ ಸುರಿಸಿದಿರಿ. ಆಕೆಯ ಚೀಲ ಯಾಕೆ ನೋಡಲಿಲ್ಲ?"

ಉತ್ತರ ವೀರೇಶನ ನಾಲಗೆಯ ತುದಿಯಲ್ಲೇ ಇತ್ತು. ಅವರು ನಮ್ಮವರು. ಠಾಣೆಗೆ ವಾಪಸು ಬಂದು ವರದಿಯ ಕೊನೆಗೆ ಬರೆದ: ‘ಅಕ್ಕಿಕಾಳುಗಳು ಮೊದಲ ದಿನದ ಫೋಟೋದಲ್ಲೇ ಇದ್ದವು. ತನಿಖಾಧಿಕಾರಿ ನೋಡಲಿಲ್ಲ.’ ಕೆಳಗೆ ತನ್ನ ಹೆಸರು ಹಾಕಿದ.