ಸಂಪಾದಕರ ಕರಿಕೋಟು

ಅಂಗಳದಲ್ಲಿ ಊಟ ಮುಗಿಸಿ ಸ್ಟುಡಿಯೋ ಒಳಗೆ ಬಂದವರ ಕಣ್ಣಿಗೆ ಮೊದಲು ಬಿದ್ದದ್ದು ಸಂಪಾದಕರ ಕರಿಕೋಟು. ಗಾಜಿನ ಕೋಣೆಯ ಕುರ್ಚಿಗೆ ಎಂದಿನಂತೆ ನೇತುಬಿದ್ದಿದ್ದ ಅದನ್ನು ಯಾರೋ ಬೆನ್ನಿನ ನಟ್ಟನಡುವೆ ಕಾಲರಿನಿಂದ ಕೆಳಗಿನ ಅಂಚಿನವರೆಗೆ ಕತ್ತರಿಸಿ ಎರಡು ಹೋಳು ಮಾಡಿದ್ದರು.

ಈ ಸಂಪಾದಕರು ನಿಜವಾದ ಸಂಪಾದಕರಲ್ಲ. ನಾಲ್ಕು ವರ್ಷದಿಂದ ಸಂಜೆ ಏಳಕ್ಕೆ ಟೀವಿಯಲ್ಲಿ ಬರುತ್ತಿದ್ದ ಧಾರಾವಾಹಿಯಲ್ಲಿ ಪತ್ರಿಕಾ ಕಚೇರಿಯೊಂದರ ಸಿಡುಕುಮೂತಿಯ ಯಜಮಾನರು. ಮೇಜಿನ ಮೇಲಿನ ಹಿತ್ತಾಳೆ ಗಂಟೆಯನ್ನು ಅಂಗೈಯಲ್ಲಿ ಗುದ್ದಿ, "ಇದನ್ನ ಸುದ್ದಿ ಅಂತಾರೇನ್ರೀ? ತಗೊಂಡು ಹೋಗಿ ಕಸದ ಬುಟ್ಟಿಗೆ ಹಾಕಿ!" ಎಂದು ಗುಡುಗಿದರೆ ವರದಿಗಾರರು ಮೂಲೆ ಸೇರುತ್ತಿದ್ದರು, ನೋಡುವವರು ಚಪ್ಪಾಳೆ ತಟ್ಟುತ್ತಿದ್ದರು. ಗುಡುಗು ಮಾತ್ರ ಆ ಪಾತ್ರ ಮಾಡುವ ನಟರದ್ದಲ್ಲ. ಅವರ ಸ್ವಂತ ದನಿ ಮಕ್ಕಳ ಪೀಪಿಯಂತೆ ಸಣ್ಣದು. ತುಟಿ ಆಡಿಸುವವರು ಇವರು, ಮೇಲ್ಮಹಡಿಯ ಕತ್ತಲೆ ಕೋಣೆಯಲ್ಲಿ ಮೈಕಿನ ಮುಂದೆ ಕೂತು ದನಿ ಕೊಡುವವರು ಇನ್ನೊಬ್ಬರು.

ನಟರ ಮುಖಕ್ಕೆ ದಿನಾ ಬಣ್ಣ ಹಚ್ಚಿ ಮೀಸೆ ಅಂಟಿಸುವವನನ್ನು ಸ್ಟುಡಿಯೋದಲ್ಲಿ ಎಲ್ಲರೂ ಪೌಡರಪ್ಪ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷದ ಕಸುಬು. ಈ ಸಂಪಾದಕರನ್ನು ಕಂಡರೆ ಅವನಿಗೆ ಒಳಗೊಳಗೇ ಹೊಟ್ಟೆಯುರಿ. ಸಂಜೆ ಮನೆಗೆ ಹೋಗಿ ಹೆಂಡತಿಯ ಹತ್ತಿರ ಒಂದು ಮಾತಾಡೋಣವೆಂದರೆ, "ಶ್, ಸುಮ್ನಿರಿ! ಅವರು ಮಾತಾಡ್ತಿದಾರೆ" ಎಂದು ಅಡುಗೆಮನೆಯಿಂದಲೇ ಗದರುತ್ತಿದ್ದಳು. ಕಟ್ಟಿಕೊಂಡ ಗಂಡನಿಗಿಲ್ಲದ ಮರ್ಯಾದೆ ತಾನೇ ಅಂಟಿಸಿದ ಮೀಸೆಗೆ! ಹೋದ ವಾರ ಅಂಗಳದಲ್ಲಿ ಎಲ್ಲರೆದುರು, "ಒಂದಿನ ಆ ಕೋಟಿಗೆ ಬೆಂಕಿ ಇಡ್ತೀನಿ" ಎಂದೂ ಅಂದುಬಿಟ್ಟಿದ್ದ. ಎಲ್ಲರೂ ನಕ್ಕಿದ್ದರು.

ಈಗ ಯಾರೂ ನಗಲಿಲ್ಲ.

"ಯಾರ್ರೀ ಮಾಡಿದ್ದು ಇದನ್ನ?" ಎಂದು ನಟರು ಕೀರಲು ದನಿಯಲ್ಲಿ ಕೂಗಿ, ಅಭ್ಯಾಸಬಲದಿಂದ ಗಂಟೆಯನ್ನು ಗುದ್ದಿದರು. ಅದು ಟೊಪ್ ಎಂದಿತು. ನಿರ್ದೇಶಕರು ನೆಟ್ಟಗೆ ಪೌಡರಪ್ಪನ ಪೆಟ್ಟಿಗೆ ತೆಗೆಸಿದರು. ಕತ್ತರಿಯ ಬಾಯಲ್ಲಿ ಕರಿ ನೂಲಿನ ಎಳೆಗಳು ಸಿಕ್ಕಿಕೊಂಡಿದ್ದವು.

ಪೌಡರಪ್ಪ ಎರಡು ಹೆಜ್ಜೆ ಮುಂದೆ ಬಂದ. "ಸಾರ್, ನಾನಲ್ಲ ಸಾರ್."

"ನಿನ್ನ ಕತ್ತರಿ. ಒಂದೂ ಇಪ್ಪತ್ತೈದಕ್ಕೆ ಊಟದಿಂದ ಮೊದಲು ಎದ್ದವನು ನೀನು. ಮೇಲಿನ ದನಿಯವರು ಬೇರೆ ನಿನ್ನನ್ನ ನೋಡಿದಾರೆ. ಇನ್ನೇನು ಬೇಕು? ಇವತ್ತು ಕೋಟು, ನಾಳೆ ಕುತ್ತಿಗೆ. ಐದಕ್ಕೆ ಚಾನೆಲ್‌ನವರು ಪ್ರಶಸ್ತಿ ಕೊಡೋಕೆ ಬರ್ತಾರೆ. ಅಷ್ಟರಲ್ಲಿ ಜಾಗ ಖಾಲಿ ಮಾಡು."

"ಐದರವರೆಗೆ ನನಗೆ ಟೈಮ್ ಕೊಡಿ," ಎಂದಿತು ಹಿಂದಿನಿಂದ ಒಂದು ಹೆಂಗಸಿನ ದನಿ.

ಅದು ಅಕ್ಕ. ಪೌಡರಪ್ಪನಿಗೆ ಒಡಹುಟ್ಟಿದ ಅಕ್ಕ, ಸ್ಟುಡಿಯೋದ ಉಳಿದವರಿಗೆ ಬಾಯಿಮಾತಿನ ಅಕ್ಕ. ಹಿಂದಿನ ದೃಶ್ಯದಲ್ಲಿ ಲೋಟ ಎಡಗೈಯಲ್ಲಿತ್ತೋ ಬಲಗೈಯಲ್ಲಿತ್ತೋ, ಗಡಿಯಾರದಲ್ಲಿ ಎಷ್ಟು ಗಂಟೆಯಾಗಿತ್ತು ಎಂದೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಮುಂದಿನ ದೃಶ್ಯದಲ್ಲಿ ಎಲ್ಲ ಹಾಗೆಯೇ ಇರುವಂತೆ ನೋಡಿಕೊಳ್ಳುವುದು ಅವಳ ಕೆಲಸ. ಅಲ್ಲಿ ಏನು ಕಳೆದರೂ ಕೆಟ್ಟರೂ ಮೊದಲು ಕರೆಯುವುದು ಅವಳನ್ನೇ. ಉಗುರಿನಷ್ಟು ವ್ಯತ್ಯಾಸವೂ ಅವಳ ಕಣ್ಣು ತಪ್ಪಿಸಿಕೊಂಡು ಹೋದದ್ದಿಲ್ಲ.

"ಮೊದಲು ನೀನು ಬಾಯಿ ಬಿಡು," ಎಂದಳು ತಮ್ಮನಿಗೆ. "ಯಾಕೆ ಎದ್ದುಹೋದೆ?"

"ಊಟ ಮಾಡುವಾಗ ಸಂಪಾದಕರ ಮೀಸೆ ಕಿತ್ತುಬಂತು. ಮೆಟ್ಟಿಲ ಬುಡದ ಮೇಕಪ್ ರೂಮಿಗೆ ಹೋಗಿ, ಪೆಟ್ಟಿಗೆ ತಗೊಂಡು ಸೀದಾ ಅಂಗಳಕ್ಕೆ ಬಂದೆ. ಗಾಜಿನ ಕೋಣೆ ಕಡೆ ತಲೆನೂ ಹಾಕಲಿಲ್ಲ. ನಿನ್ನಾಣೆ!"

"ಅದಕ್ಕೆ ಮುಂಚೆ ಪೆಟ್ಟಿಗೆ?"

"ರೂಮಲ್ಲೇ ತೆರೆದಿತ್ತು."

ಅಕ್ಕ ಕತ್ತರಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಕೆಲಸ ಆದಮೇಲೆ ಇದನ್ನ ಒರೆಸದೆ ಇಟ್ಟಿದ್ದು ಯಾವಾಗ?"

"ಯಾವತ್ತೂ ಇಲ್ಲ. ಎಣ್ಣೆ ಬಟ್ಟೆ ಸುತ್ತಿ ಇಡ್ತೀನಿ."

"ಹೂಂ. ಈಗ ಬಟ್ಟೆ ಒಂದು ಕಡೆ, ಕತ್ತರಿ ಒಂದು ಕಡೆ. ಬಾ ಮೇಲೆ."

ಮೇಲ್ಮಹಡಿಯ ಕೋಣೆಯಲ್ಲಿ ಒಂದು ಮೈಕು, ಒಂದು ಪರದೆ, ಮುಚ್ಚಿಟ್ಟ ಬಿಸಿನೀರಿನ ಲೋಟ. ಬಾಗಿಲಿಗೆ ಚಾನೆಲ್‌ನವರು ಅಂಟಿಸಿಹೋಗಿದ್ದ ಪೋಸ್ಟರು: ನಟರ ಮುಖ, ಕೆಳಗೆ ದಪ್ಪಕ್ಷರದಲ್ಲಿ 'ಮನೆಮನೆಯ ಮೆಚ್ಚಿನ ದನಿ'. ಸಂಜೆಯ ಪ್ರಶಸ್ತಿ ಅದೇ. ಪೌಡರಪ್ಪ ಅದನ್ನು ಓದಿ ಮೂಗು ಮುರಿದ. ಅಕ್ಕ ಇನ್ನೊಂದು ಸಲ ಓದಿದಳು.

ದನಿಯವರು ತೆಳ್ಳಗಿನ, ಬಕ್ಕತಲೆಯ, ಮೆತ್ತಗಿನ ಮನುಷ್ಯ. ಬಾಯಿ ತೆರೆದರೆ ಮಾತ್ರ ಕಿಟಕಿಯ ಗಾಜು ನಡುಗಬೇಕು.

"ನಿಮ್ಮ ತಮ್ಮನ ವಿಷಯ, ಹೇಳೋಕೆ ನನಗೂ ಕಷ್ಟ ಅಕ್ಕ," ಎಂದರು. "ಬಿಸಿನೀರಿಗೆ ಅಂತ ಇಳಿದು ಬರ್ತಿದ್ದೆ. ಗಾಜಿನ ಕೋಣೆ ಒಳಗಿಂದ ಗಂಟೆ ಸದ್ದು ಕೇಳಿಸ್ತು, ಟಿಣ್ ಟಿಣ್ ಅಂತ ಎರಡು ಸಲ. ಅವಸರದಲ್ಲಿ ಕೈ ತಾಗಿರಬೇಕು. ಆಮೇಲೆ ಇವರು ಪೆಟ್ಟಿಗೆ ಹಿಡ್ಕೊಂಡು ದಡಬಡ ಹೊರಗೆ ಹೋದರು."

"ಎರಡು ಸಲ?"

"ಎರಡೇ."

"ಫೋನೋ, ಲೋಟವೋ ಇರಬಹುದಲ್ಲ?"

"ಏನಕ್ಕ ನೀವು! ನಾಲ್ಕು ವರ್ಷದಿಂದ ಆ ಗಂಟೆ ಬೆನ್ನಿಗೇ ಅಲ್ವಾ ನಾನು ಗುಡುಗೋದು? ನಿದ್ದೇಲಿ ಕೇಳಿದ್ರೂ ಗುರುತು ಹಿಡಿತೀನಿ."

ಪೌಡರಪ್ಪನ ಮೈಯೆಲ್ಲ ಉರಿಯಿತು. "ಸುಳ್ಳು! ನಾನು ಆ ಗಂಟೆ ಮುಟ್ಟೇ ಇಲ್ಲ!" ಎಂದು ಮುನ್ನುಗ್ಗಿದವನ ತೋಳನ್ನು ಅಕ್ಕ ಹಿಡಿದಳು. ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ದನಿಯವರಿಗೆ ಓದಿ ಹೇಳಿ, "ಸರಿ ತಾನೇ?" ಎಂದು ಕೇಳಿದಳು. ಅವರು ಸರಿ ಎಂದರು.

ಕೆಳಗೆ ಬಂದ ಮೇಲೆ ಪೌಡರಪ್ಪನಿಗೆ ಅಳುವೇ ಬಂದಂತಾಯಿತು. "ನೀನೂ ಅವರ ಮಾತನ್ನೇ ಬರ್ಕೊಂಡೆ. ಹತ್ತೊಂಬತ್ತು ವರ್ಷ ಅಕ್ಕ! ನನಗೆ ಬೇರೆ ಯಾವ ಕೆಲಸ ಬರತ್ತೆ?"

"ಮುಖ ತೊಳ್ಕೊಂಡು ಬಾ," ಎಂದಳು ಅಕ್ಕ. "ಎಲ್ಲರನ್ನೂ ಗಾಜಿನ ಕೋಣೆಗೆ ಕರಿ. ಮೇಲಿನವರನ್ನೂ."

ನಾಲ್ಕೂವರೆಗೆ ಎಲ್ಲರೂ ಸೇರಿದರು. ಸಂಪಾದಕರ ಕುರ್ಚಿಯಲ್ಲಿ ನಟರು, ಕಿಟಕಿಯ ಬಳಿ ನಿರ್ದೇಶಕರು, ಬಾಗಿಲ ಹತ್ತಿರ ದನಿಯವರು. ಪೌಡರಪ್ಪ ತನ್ನ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತಿದ್ದ. ಅಕ್ಕ ನೋಟ್‌ಬುಕ್ ತೆರೆದಳು.

"ಒಂದು ಗಂಟೆಗೆ ಕೋಟು ಸರಿಯಿತ್ತು, ನಾನೇ ಬರೆದಿದ್ದೀನಿ. ಕತ್ತರಿ ನನ್ನ ತಮ್ಮಂದೇ, ಅದೂ ನಿಜ. ಆದರೆ ಅವನೇ ಮಾಡಿದ್ರೆ ಒರೆಸದೆ ಇಡೋನಲ್ಲ. ಅದನ್ನ ವಾಪಸ್ ಇಟ್ಟಿರೋದು ಅವನ ಪದ್ಧತಿ ಗೊತ್ತಿಲ್ಲದವರು. ಇಷ್ಟಕ್ಕೆ ನೀವು ಒಪ್ಪಲ್ಲ, ಗೊತ್ತು. ಒಡಹುಟ್ಟಿದವಳು, ಹಾಗೇ ಹೇಳ್ತಾಳೆ ಅಂತೀರಿ."

"ಮತ್ತೆ?" ಎಂದರು ನಿರ್ದೇಶಕರು.

"ಅವನು ಈ ಕೋಣೆ ಒಳಗಿದ್ದ ಅನ್ನೋಕೆ ಒಂದೇ ಸಾಕ್ಷಿ, ಗಂಟೆ ಸದ್ದು." ಅಕ್ಕ ದನಿಯವರ ಕಡೆ ತಿರುಗಿದಳು. "ಬನ್ನಿ, ನೀವು ಕೇಳಿದ ಹಾಗೇ ಎರಡು ಸಲ ಒತ್ತಿ ತೋರಿಸಿ."

ದನಿಯವರು ಮುಂದೆ ಬಂದರು. ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಗಂಟೆಯ ಮೇಲೆ ಅಂಗೈ ಇಟ್ಟು ಒತ್ತಿದರು.

ಟೊಪ್.

ಹುಬ್ಬು ಗಂಟಿಕ್ಕಿ ಇನ್ನೂ ಜೋರಾಗಿ ಒತ್ತಿದರು. ಟೊಪ್. ಅವರ ಮುಖದ ಬಣ್ಣ ಇಳಿಯಿತು.

"ಮೂರನೇ ಕಂತಲ್ಲೇ ಅದರ ನಾಲಿಗೆ ಕಿತ್ತು ಒಳಗೆ ಹತ್ತಿ ತುಂಬಿದ್ದು ನಾನು," ಎಂದಳು ಅಕ್ಕ. "ಸದ್ದು ಉಳಿದವರ ಮಾತಿನ ಮೇಲೆಲ್ಲ ಬೀಳ್ತಿತ್ತು. ಆಮೇಲೆ ಕೆಳಗೆ ಕೆಲಸ ಮಾಡೋರು ಈ ಗಂಟೆ ಟಿಣ್ ಅಂದಿದ್ದು ಕೇಳೇ ಇಲ್ಲ. ಮೇಲೆ ನಿಮಗೆ ದೃಶ್ಯ ಕಳಿಸುವಾಗ ಮೊದಲು ಗಂಟೆ ಸದ್ದು ಸೇರಿಸ್ತಾರೆ, ಅದನ್ನ ಕೇಳಿದ ತಕ್ಷಣ ನೀವು ಗುಡುಗಬೇಕಲ್ಲ, ಅದಕ್ಕೆ. ನೀವು ಈ ಕೋಣೆಯನ್ನ ಬಲ್ಲದ್ದು ಪರದೆ ಮೇಲೆ. ಸುಳ್ಳನ್ನೂ ಅಲ್ಲಿಂದಲೇ ತಂದಿರಿ."

ಪೌಡರಪ್ಪ ನಾಲಿಗೆ ಕಚ್ಚಿಕೊಂಡ. ಮಧ್ಯಾಹ್ನ ತಾನೇ ಕಿವಿಯಾರೆ ಕೇಳಿದ್ದ ಟೊಪ್! ಮನೆಯಲ್ಲಿ ದಿನಾ ಸಂಜೆ ಟಿಣ್ ಎಂದು ಕೇಳಿ ಕೇಳಿ ಅವನಿಗೂ ಹೊಳೆದಿರಲಿಲ್ಲ.

"ಊಟದ ಹೊತ್ತಲ್ಲಿ ಇಳಿದು ಬಂದಿರಿ, ತೆರೆದಿದ್ದ ಪೆಟ್ಟಿಗೆಯಿಂದ ಕತ್ತರಿ ತಗೊಂಡಿರಿ, ಕೆಲಸ ಮುಗಿಸಿ ಹಾಗೇ ತುರುಕಿದಿರಿ. ಮೆಟ್ಟಿಲು ಹತ್ತುವಾಗ ಇವನು ಪೆಟ್ಟಿಗೆಗೆ ಬಂದ. ನಿಮಗೆ ಅನುಕೂಲ ಆಯ್ತು. ಇವನ ಬಾಯಿಬಡುಕತನ ಎಲ್ಲರಿಗೂ ಗೊತ್ತಲ್ಲ. ಯಾಕೆ ಅಂತ ನಾನು ಕೇಳಲ್ಲ. ನಿಮ್ಮ ಬಾಗಿಲಿಗೆ ಅಂಟಿಸಿದಾರೆ."

ದನಿಯವರು ಗಂಟೆಯಿಂದ ಕೈ ತೆಗೆದರು. ಕೊನೆಗೆ ಆ ದೊಡ್ಡ ದನಿ ಒಡೆದು ಹೊರಬಂತು.

"ಬಸ್ಸಲ್ಲಿ ಟಿಕೆಟ್ ಕೇಳಿದ್ರೆ ಜನ ನಗ್ತಾರೆ. ಟೀವಿ ಸಂಪಾದಕರನ್ನ ಚೆನ್ನಾಗಿ ಅಣಕಿಸ್ತೀರಿ ಅಂತಾರೆ. ನನ್ನ ದನೀಲಿ ನಾನು ಮಾತಾಡಿದ್ರೆ ಅದು ಅಣಕ! ಮುಖಕ್ಕೆ ಕೊಟ್ಕೊಳ್ಳಲಿ, ಕೋಟಿಗೆ ಕೊಟ್ಕೊಳ್ಳಲಿ, ಸುಮ್ನಿರ್ತಿದ್ದೆ. ದನಿಗೆ ಅಂತ ಪ್ರಶಸ್ತಿ, ಅದೂ ಅವರಿಗೆ. ಹೊಟ್ಟೆಗೆ ಬೆಂಕಿ ಬಿತ್ತು. ಪೌಡರಪ್ಪನ ಮೇಲೆ ಹಾಕಿದ್ದು ಅನ್ಯಾಯ, ಒಪ್ಕೋತೀನಿ."

ನಟರು ತಲೆಯೆತ್ತಿದರು. "ನಾಲ್ಕು ವರ್ಷ ಆಯ್ತು ನಾನು ನಾಲ್ಕು ಜನರ ಮುಂದೆ ಬಾಯಿ ಬಿಟ್ಟು," ಎಂದರು ತಮ್ಮ ಪೀಪಿ ದನಿಯಲ್ಲಿ. "ಬಿಟ್ಟರೆ ನಗ್ತಾರೆ. ನಿಮ್ಮ ಗಂಟಲು ನನಗಿದ್ದಿದ್ರೆ ಅಂತ ಅಂದ್ಕೊಳ್ಳದ ದಿನ ಇಲ್ಲ ಕಣ್ರೀ."

ಅವರವರ ಹೊಟ್ಟೆಕಿಚ್ಚು ಅವರವರಿಗೆ. ನಿರ್ದೇಶಕರು ಪೌಡರಪ್ಪನ ಹೆಗಲು ತಟ್ಟಿ ಕ್ಷಮೆ ಕೇಳಿದರು. ಈ ವಾರದ ಕಂತು ಮುಗಿಸಿಕೊಟ್ಟು ಹೊರಡಿ ಎಂದು ದನಿಯವರಿಗೆ ಹೇಳಿದರು. ಅಕ್ಕ ಕೋಟಿನ ಬೆನ್ನಿಗೆ ಪಿನ್ನು ಚುಚ್ಚಿದಳು, ಕ್ಯಾಮೆರಾ ಹೇಗೂ ಮುಂದಿನಿಂದ ನೋಡುವುದು. ಐದಕ್ಕೆ ನಟರು ಮಾತಿಲ್ಲದೆ ಕೈಮುಗಿದು ಪ್ರಶಸ್ತಿ ತೆಗೆದುಕೊಂಡರು.

ಮನೆಗೆ ಬಂದ ಪೌಡರಪ್ಪ ಹೆಂಡತಿಗೆ ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ನಾಲ್ಕು ವರ್ಷದ ಉರಿಯನ್ನೂ ಕಾರಿಕೊಂಡ. "ಆ ಮುಖದಲ್ಲಿ ಏನಿದೆ ಅಂತ? ಮೀಸೆ ನಾನಂಟಿಸಿದ್ದು, ಹುಬ್ಬು ನಾನು ಬರೆದಿದ್ದು!"

ಅವಳು ಸೌಟು ಹಿಡಿದುಕೊಂಡೇ ಹೊಸ್ತಿಲಿಗೆ ಬಂದಳು. "ಮುಖಾನಾ? ಏಳು ಗಂಟೆಗೆ ನಾನು ಒಲೆ ಮುಂದೆ ಇರ್ತೀನಿ. ನಾನೆಲ್ಲಿ ಮುಖ ನೋಡಿದೀನಿ? ಆ ದನಿ ಕೇಳ್ತಾ ಇದ್ರೆ ಕೈ ಕೆಲಸ ಮರೆತುಹೋಗತ್ತೆ ಅಷ್ಟೆ."

ಪೌಡರಪ್ಪ ಇಂಗು ತಿಂದ ಮಂಗನಂತೆ ಕೂತ. ಇಷ್ಟು ವರ್ಷ ಹೊಟ್ಟೆಯುರಿದುಕೊಂಡದ್ದು ತಪ್ಪು ಮನುಷ್ಯನ ಮೇಲೆ. ಸರಿಯಾದ ಮನುಷ್ಯ ಸಿಕ್ಕಿದ ಕೂಡಲೇ ಉರಿ ಎರಡರಷ್ಟಾಯಿತು.

ಮರುದಿನ ಬೆಳಿಗ್ಗೆ ಅವನು ಮೇಲ್ಮಹಡಿ ಹತ್ತಿದ. ದನಿಯವರು ಪೋಸ್ಟರನ್ನು ಕಿತ್ತಿರಲಿಲ್ಲ. ಒಬ್ಬರೇ ಕೂತಿದ್ದರು. ತನ್ನ ಕೆಲಸ ಕಳೆಯಲು ಹೊರಟಿದ್ದ ಈ ಮನುಷ್ಯನಿಗೆ ಆ ಮಾತು ಹೇಳಬೇಕೇ ಎಂದು ಪೌಡರಪ್ಪ ಬಾಗಿಲಲ್ಲೇ ನಿಂತ. ಇಳಿದುಹೋಗಲು ತಿರುಗಿಯೂ ತಿರುಗಿದ. ಆಮೇಲೆ ತಡೆಯಲಾಗಲಿಲ್ಲ.

"ನನ್ನ ಹೆಂಡತಿ ಆ ಸಂಪಾದಕರ ಮುಖ ನೋಡೇ ಇಲ್ವಂತೆ," ಎಂದ ಗೋಡೆ ನೋಡಿಕೊಂಡು. "ನಾಲ್ಕು ವರ್ಷದಿಂದ ಅಡುಗೆಮನೇಲಿ ನಿಂತು ನಿಮ್ಮನ್ನೇ ಕೇಳ್ತಿದಾಳೆ. ಕೈ ಕೆಲಸ ಮರೆತುಹೋಗತ್ತಂತೆ."

ದನಿಯವರು ಅವನನ್ನೇ ನೋಡಿದರು. ಎರಡು ಸಲ ಕೆಮ್ಮಿ, ಕಣ್ಣೊರೆಸಿಕೊಂಡು, "ಏನಂದಿರಿ? ಇನ್ನೊಂದು ಸಲ ಹೇಳ್ತೀರಾ?" ಎಂದರು.

ಪೌಡರಪ್ಪ ಹಲ್ಲು ಕಚ್ಚಿಕೊಂಡು ಇನ್ನೊಂದು ಸಲ ಹೇಳಿದ.